ಬೆಟ್ಟ ಇಳಿದ ಮೇಲೆ ಬಯಲು

ಬೆಟ್ಟ ಹತ್ತಿ ಇಳಿದವರು ಮುಂದೇನು ಮಾಡಬೇಕು ಎಂಬುದಕ್ಕೆ ನಮ್ಮ ಹಿರಿಯರ ಬಳಿ ಒಂದೇ ಉತ್ತರವಿತ್ತು. ಕಾಲಿಗೆ ಹರಳೆಣ್ಣೆ ಹಚ್ಚಿ, ಬಿಸಿನೀರು ಹುಯ್ದುಕೊಂಡು, ಉಂಡು ಮಲಗಬೇಕು. ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿ ಬಂದವರಿಗೆ ಅಶೋಕಪುರಂನ ನಮ್ಮ ಬೀದಿಯಲ್ಲಿ ಇವತ್ತಿಗೂ ಅದೇ ಉಪಚಾರ. ಈಗಿನ ಮಕ್ಕಳು ಇನ್ನೂ ದೂರದ ಬೆಟ್ಟಗಳಿಗೆ ಹೋಗುತ್ತಾರೆ. ಕಿಲಿಮಂಜಾರೋ ಹತ್ತಿ, ಉಳಿದ ನಾಲ್ಕು ದಿನದ ರಜೆಯಲ್ಲಿ ಆಫ್ರಿಕದ ಕಾಡು ನೋಡಿಕೊಂಡು ಬರಬೇಕೆನ್ನುತ್ತಾರೆ. 2024ರ ಫೆಬ್ರವರಿಯಲ್ಲಿ ನಾನು ಮಗಳು ಅಳಿಯನ ಜೊತೆಯಲ್ಲಿ ಟಾಂಜಾನಿಯಾಕ್ಕೆ ಹೋಗಿಬಂದ ಸುದ್ದಿ ತಿಳಿದ ಹಳೆಯ ವಿದ್ಯಾರ್ಥಿಗಳು ಕೆಲವರು ಫೋನು ಮಾಡಿ, "ಟೀಚರ್, ಬೆಟ್ಟದ ವಿಷಯ ನಾವು ನೋಡಿಕೊಳ್ಳುತ್ತೇವೆ, ಸಫಾರಿ ಯಾವುದನ್ನು ಆರಿಸಬೇಕು ಹೇಳಿ" ಎಂದು ಕೇಳಿದರು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳಿದ್ದನ್ನು ಒಟ್ಟುಗೂಡಿಸಿ ಇಲ್ಲಿ ಬರೆದಿಡುತ್ತಿದ್ದೇನೆ. ಬರೆಯುತ್ತಾ ಹೋದಂತೆ ಇದು ಬರಿಯ ಪ್ರವಾಸದ ಸಲಹೆಯಾಗಿ ಉಳಿಯಲಿಲ್ಲ.

ಮೂವತ್ತನಾಲ್ಕು ವರ್ಷ ನಾನು ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸಿದವಳು. ಆಫ್ರಿಕದ ಭೂಪಟವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಸಮಭಾಜಕ ವೃತ್ತದ ಕೆಳಗೆ ಒಂದು ಚಿಕ್ಕ ತ್ರಿಕೋನ ಬರೆದು, "ಇದು ಕಿಲಿಮಂಜಾರೋ, 5,895 ಮೀಟರ್, ಆಫ್ರಿಕದ ಅತಿ ಎತ್ತರದ ಪರ್ವತ" ಎಂದು ಹೇಳುತ್ತಿದ್ದೆ. ಅದರ ತುದಿಯ ಹೆಸರಿನ ಕಥೆಯನ್ನು ಪಠ್ಯದಲ್ಲಿ ಇಲ್ಲದಿದ್ದರೂ ಸೇರಿಸಿ ಹೇಳುತ್ತಿದ್ದೆ. 1889ರಲ್ಲಿ ಹಾನ್ಸ್ ಮೆಯರ್ ಎಂಬ ಜರ್ಮನ್ ಭೂಗೋಳಜ್ಞ ತನ್ನ ಜೊತೆಗಾರನೊಡನೆ ಅದನ್ನು ಮೊದಲು ಏರಿ, ತನ್ನ ಚಕ್ರವರ್ತಿಯ ಹೆಸರನ್ನು ಶಿಖರಕ್ಕೆ ಇಟ್ಟು ಬಂದ. 1961ರ ಡಿಸೆಂಬರ್ 9ರಂದು ಟಾಂಗಾನಿಕ ಸ್ವತಂತ್ರವಾದಾಗ ಅದೇ ಶಿಖರದ ಮೇಲೆ ದೀವಟಿಗೆ ಹೊತ್ತಿಸಿ, 'ಉಹುರು' ಎಂದು ಹೊಸ ಹೆಸರಿಟ್ಟರು. ಉಹುರು ಎಂದರೆ ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ. ರೈಲ್ವೆ ವರ್ಕ್‌ಷಾಪಿನ ಕೂಲಿ ಕಾರ್ಮಿಕನ ಮಗಳಾಗಿ ಬೆಳೆದ ನನಗೆ, ದೊರೆಯ ಹೆಸರು ಅಳಿಸಿ ಸ್ವಾತಂತ್ರ್ಯದ ಹೆಸರು ಬರೆದ ಈ ಕಥೆ ಯಾವಾಗಲೂ ಪ್ರಿಯವಾದದ್ದು. ಅದನ್ನು ಮನೆಯಲ್ಲಿ ಕೇಳುತ್ತಾ ಬೆಳೆದ ಮಗಳು ನಲವತ್ತು ತುಂಬುವುದರೊಳಗೆ ಅಲ್ಲಿ ಹೋಗಿ ನಿಲ್ಲಬೇಕೆಂದು ಹಟ ಹಿಡಿದರೆ ತಪ್ಪು ಯಾರದು?

ಹತ್ತುವವರು ಅವರಿಬ್ಬರು. ನಾನು ಕೆಳಗೆ ಮೋಶಿ ಪಟ್ಟಣದಲ್ಲಿ ಉಳಿಯುವುದು, ಅವರು ಇಳಿದ ಮೇಲೆ ಮೂವರೂ ಸೇರಿ ಸಫಾರಿಗೆ ಹೋಗುವುದು ಎಂದು ತೀರ್ಮಾನವಾಯಿತು. ಕ್ರಮ ಯಾಕೆ ಹೀಗೆ, ಮೊದಲು ಪ್ರಾಣಿಗಳನ್ನು ನೋಡಿ ಆಮೇಲೆ ಬೆಟ್ಟ ಹತ್ತಬಾರದೇ ಎಂದು ಕೆಲವರು ಕೇಳುತ್ತಾರೆ. ಬೆಟ್ಟ ಹತ್ತುವುದಕ್ಕೆ ಹೊಸ ಮೈ ಬೇಕು. ಧೂಳಿನಲ್ಲಿ, ಜೀಪಿನ ಕುಲುಕಾಟದಲ್ಲಿ ನಾಲ್ಕು ದಿನ ಕಳೆದು, ಎಲ್ಲೋ ನೆಗಡಿ ಹಿಡಿಸಿಕೊಂಡು ಬೆಟ್ಟದ ಬುಡಕ್ಕೆ ಹೋಗುವುದು ವಿವೇಕವಲ್ಲ. ಸಫಾರಿಯಲ್ಲಾದರೆ ಕುಳಿತುಕೊಳ್ಳುವುದೇ ಕೆಲಸ. ದಣಿದ ಕಾಲಿಗೆ ಅದು ಸರಿಹೊಂದುತ್ತದೆ. ಇಷ್ಟು ಎಲ್ಲರೂ ಒಪ್ಪುವ ಮಾತು.

ಕಷ್ಟ ಬಂದದ್ದು ಯಾವ ಸಫಾರಿ ಎಂಬಲ್ಲಿ. ಸುಮಾರು ಎರಡು ತಿಂಗಳು ನಮ್ಮ ಮನೆಯ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ಟಾಂಜಾನಿಯಾದ ನಕ್ಷೆ ಹರಡಿಕೊಂಡಿತ್ತು. ಅಳಿಯನಿಗೆ ಜಾಂಜಿಬಾರಿನ ಕಡಲತೀರದ ಮೇಲೆ ಆಸೆ. ಮಗಳಿಗೆ ಕೀನ್ಯಾದ ಮಸಾಯಿ ಮಾರಾ. ಪ್ರವಾಸದ ಕಂಪನಿಯವರು ಕಳಿಸಿದ್ದ ಪಟ್ಟಿಯಲ್ಲಿ ತರಂಗೀರೆ, ಮನ್ಯಾರಾ ಸರೋವರ, ಸೆರೆಂಗೆಟಿ, ಎನ್‌ಗೊರೊಂಗೊರೊ ನಾಲ್ಕೂ ಇದ್ದವು. ನಾಲ್ಕು ದಿನಕ್ಕೆ ನಾಲ್ಕು ಕಾಡು. ಐದು ದೊಡ್ಡ ಪ್ರಾಣಿಗಳನ್ನೂ ತೋರಿಸುವ ಭರವಸೆಯನ್ನು ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದರು.

ಈ 'ಬಿಗ್ ಫೈವ್' ಎಂಬ ಮಾತಿನ ಮೂಲವನ್ನು ಮೈಸೂರಿನವರಾದ ನಾವು ತಿಳಿದಿರಬೇಕು. ಸಿಂಹ, ಚಿರತೆ, ಆನೆ, ಖಡ್ಗಮೃಗ, ಕಾಡೆಮ್ಮೆ ಈ ಐದನ್ನು ಒಂದು ಗುಂಪಿಗೆ ಸೇರಿಸಿದವರು ಬೇಟೆಗಾರರು. ಕಾಲ್ನಡಿಗೆಯಲ್ಲಿ ಹೋಗಿ ಹೊಡೆಯುವುದಕ್ಕೆ ಅತಿ ಕಷ್ಟವಾದ, ಅತಿ ಅಪಾಯದ ಪ್ರಾಣಿಗಳು ಎಂದು ಅವರ ಲೆಕ್ಕ. ಬೇಟೆಯಾಡಿದ ಪ್ರಾಣಿಗಳನ್ನು ಜೀವಂತವೆನ್ನುವಂತೆ ತುಂಬಿ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇತ್ತು, 1999ರಲ್ಲಿ ಮುಚ್ಚಿತು. ಕೋವಿ ಹೋಗಿ ಕ್ಯಾಮೆರಾ ಬಂದರೂ ಪಟ್ಟಿ ಮಾತ್ರ ಬೇಟೆಗಾರನದೇ ಉಳಿದಿದೆ. ಐದರಲ್ಲಿ ನಾಲ್ಕು ಸಿಕ್ಕಿ ಒಂದು ಸಿಗದಿದ್ದರೆ ಪ್ರವಾಸಿ ಮುಖ ಸಪ್ಪೆ ಮಾಡಿಕೊಳ್ಳುತ್ತಾನೆ. ಕಾಡಿಗೆ ಹೋಗುವುದಕ್ಕೆ ಇದು ಸರಿಯಾದ ದಾರಿಯಲ್ಲವೆಂದು ನನಗೆ ಬಂಡೀಪುರ ಕಲಿಸಿತ್ತು.

ಬಂಡೀಪುರದ ಮಾತು ಬಂದುದರಿಂದ ಒಂದು ನೆನಪು ಹೇಳಬೇಕು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಸೇರಿದ ಮೊದಲ ಕಾಡುಗಳಲ್ಲಿ ಅದೂ ಒಂದು. ನಮ್ಮಿಂದ ಸುಮಾರು ಎಂಬತ್ತು ಕಿಲೋಮೀಟರ್. ಶಾಲೆಯ ಮಕ್ಕಳನ್ನು ಅಲ್ಲಿಗೆ ಹಲವು ಸಲ ಕರೆದೊಯ್ದಿದ್ದೇನೆ. ಅರಣ್ಯ ಇಲಾಖೆಯ ಬಸ್ಸಿನಲ್ಲಿ ಒಂದು ಸುತ್ತು. ಜಿಂಕೆ, ಮುಸುವ, ನವಿಲು ಕಂಡರೆ ಮಕ್ಕಳು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. "ಹುಲಿ ಎಲ್ಲಿ ಟೀಚರ್?" ಎಂದು ಒಂದೇ ಪ್ರಶ್ನೆ. ಒಂದು ಸಲ ಬಸ್ಸು ಕೆಟ್ಟು ಒಂದು ಕೆರೆಯ ಬಳಿ ಮುಕ್ಕಾಲು ಗಂಟೆ ನಿಂತಿತು. ಗದ್ದಲ ಮಾಡಿ ದಣಿದ ಮಕ್ಕಳು ತಾವೇ ಸುಮ್ಮನಾದರು. ಆಗ ಒಂದು ಹೆಣ್ಣಾನೆ ಮರಿಯನ್ನು ಮುಂದೆ ಬಿಟ್ಟುಕೊಂಡು ನೀರಿಗೆ ಇಳಿಯಿತು. ಮರಿಗೆ ಸೊಂಡಿಲಿನಲ್ಲಿ ನೀರು ಎಳೆಯಲು ಬರುತ್ತಿರಲಿಲ್ಲ. ಮೊಣಕಾಲೂರಿ ಬಾಯಿಂದಲೇ ಕುಡಿಯಿತು. ಆ ಬಸ್ಸಿನಲ್ಲಿದ್ದ ಮಕ್ಕಳು ಇಂದು ಮಕ್ಕಳೊಂದಿಗರಾಗಿದ್ದಾರೆ. ಸಿಕ್ಕಾಗ ಅವರು ನೆನೆಸಿಕೊಳ್ಳುವುದು ಆ ಮುಕ್ಕಾಲು ಗಂಟೆಯನ್ನು. ಬಸ್ಸು ಓಡಿದಾಗ ಕಂಡದ್ದು ಯಾರಿಗೂ ನೆನಪಿಲ್ಲ.

ಹೀಗಾಗಿ ಮೇಜಿನ ಮೇಲಿನ ನಕ್ಷೆಗೆ ನಾನು ಎರಡು ಪ್ರಶ್ನೆ ಹಾಕಿದೆ. ಎಷ್ಟು ಕಾಡು ಎಂದು ಕೇಳುವ ಬದಲು ಎಷ್ಟು ರಾತ್ರಿ ಒಂದೇ ಕಡೆ ಎಂದು ಕೇಳಬೇಕು. ಎಷ್ಟು ಕಿಲೋಮೀಟರ್ ಎಂದು ಕೇಳುವ ಬದಲು ಎಷ್ಟು ಗಂಟೆ ಎಂದು ಕೇಳಬೇಕು. ಅರೂಷಾ ಪಟ್ಟಣದಿಂದ ಸೆರೆಂಗೆಟಿಯ ನಡುಭಾಗವಾದ ಸೆರೊನೆರಾಕ್ಕೆ ಮುನ್ನೂರು ಚಿಲ್ಲರೆ ಕಿಲೋಮೀಟರ್. ನಮ್ಮ ಹೆದ್ದಾರಿಯ ಲೆಕ್ಕದಲ್ಲಿ ಐದು ಗಂಟೆ; ಅಲ್ಲಿನ ಕಚ್ಚಾ ರಸ್ತೆಯಲ್ಲಿ ಏಳೆಂಟು ಗಂಟೆ. ನಾಲ್ಕು ದಿನದಲ್ಲಿ ನಾಲ್ಕು ಕಾಡು ಸುತ್ತಿದರೆ ಎರಡು ದಿನ ರಸ್ತೆಗೇ ಹೋಗುತ್ತದೆ. ಆರು ದಿನ ಬೆಟ್ಟದಲ್ಲಿ ನಡೆದು ಬಂದ ಸೊಂಟಗಳಿಗೆ ಅದು ಶಿಕ್ಷೆ.

ಇನ್ನು ಕಾಲದ ವಿಚಾರ. ಕಿಲಿಮಂಜಾರೋ ಹತ್ತಲು ಜನವರಿಯಿಂದ ಮಾರ್ಚ್ ಮೊದಲ ಭಾಗದವರೆಗೆ, ಇಲ್ಲವೇ ಜೂನ್‌ನಿಂದ ಅಕ್ಟೋಬರ್‌ವರೆಗೆ ಅನುಕೂಲ, ನಡುವೆ ಮಳೆ. ನೀವು ಯಾವ ಕಾಲದಲ್ಲಿ ಬೆಟ್ಟ ಇಳಿಯುತ್ತೀರೋ ಅದೇ ನಿಮ್ಮ ಸಫಾರಿಯ ಜಾಗವನ್ನು ನಿರ್ಧರಿಸಬೇಕು. ವೈಲ್ಡ್‌ಬೀಸ್ಟ್ ಎಂಬ ಪ್ರಾಣಿಯ ಲಕ್ಷಾಂತರ ಸಂಖ್ಯೆಯ ಹಿಂಡುಗಳು ಮಳೆಯನ್ನೂ ಹೊಸ ಹುಲ್ಲನ್ನೂ ಹಿಂಬಾಲಿಸಿ ವರ್ಷವಿಡೀ ತಿರುಗುತ್ತಿರುತ್ತವೆ. ಅದು ಹುಲ್ಲೆಯ ಜಾತಿಗೆ ಸೇರಿದ್ದು; ದನದಂತಹ ತಲೆ, ಕುದುರೆಯಂತಹ ಬಾಲ, ಮುಖಕ್ಕೆ ಗಡ್ಡ. ಜುಲೈನಿಂದ ಅಕ್ಟೋಬರಿನ ಹೊತ್ತಿಗೆ ಅವು ಉತ್ತರದಲ್ಲಿ, ಮಾರಾ ನದಿಯ ಬಳಿ ಇರುತ್ತವೆ. ಆಗ ಬೆಟ್ಟ ಇಳಿದವರು ಉತ್ತರ ಸೆರೆಂಗೆಟಿಗೋ ಮಸಾಯಿ ಮಾರಾಕ್ಕೋ ಹೋಗಬಹುದು. ಒಣ ತಿಂಗಳುಗಳಲ್ಲಿ ನೀರಿಗಾಗಿ ಆನೆಗಳು ನದಿಯ ಬಳಿ ಸೇರುವ ತರಂಗೀರೆ ಇನ್ನೂ ಹತ್ತಿರ. ಫೆಬ್ರವರಿಯಲ್ಲಾದರೆ ಹಿಂಡುಗಳು ದಕ್ಷಿಣದ ಎನ್‌ಡುಟು ಸರೋವರದ ಸುತ್ತಲಿನ ಬಯಲಿನಲ್ಲಿರುತ್ತವೆ. ಹಳೆಯ ಜ್ವಾಲಾಮುಖಿಗಳ ಬೂದಿ ಬಿದ್ದ ನೆಲ ಅದು. ಗಿಡ್ಡ ಹುಲ್ಲು, ಸುಣ್ಣದ ಅಂಶ ಹೆಚ್ಚು. ಬಾಣಂತಿಗೆ ಬೇಕಾದ ಮೇವು. ಅಲ್ಲಿಯೇ ಅವು ಕರು ಹಾಕುವುದು.

ಫೆಬ್ರವರಿಯಲ್ಲಿ ಮಸಾಯಿ ಮಾರಾಕ್ಕೆ ಹೋದರೆ ಆ ಹಿಂಡುಗಳು ಅಲ್ಲಿರುವುದಿಲ್ಲ. ಮೇಲಾಗಿ ಗಡಿ ದಾಟಲು ಇನ್ನೊಂದು ಪ್ರವೇಶಾನುಮತಿಯ ಕೆಲಸ. ಮಗಳು ಒಪ್ಪಿದಳು. ಜಾಂಜಿಬಾರನ್ನು ಅಳಿಯ ತಾವಾಗಿಯೇ ಬಿಟ್ಟುಕೊಟ್ಟರು. ಕೊನೆಗೆ ಎರಡೇ ಜಾಗ, ನಾಲ್ಕು ರಾತ್ರಿ ಎಂದಾಯಿತು. ಎನ್‌ಗೊರೊಂಗೊರೊ ಕುಳಿಗೆ ಹೋಗಲು ಕರಾಟು ಎಂಬ ಊರಿನಲ್ಲಿ ಎರಡು ರಾತ್ರಿ, ಎನ್‌ಡುಟುವಿನಲ್ಲಿ ಎರಡು ರಾತ್ರಿ. ಬೆಟ್ಟ ಇಳಿದ ಮಾರನೆಯ ದಿನ ಪೂರ್ತಿ ಮೋಶಿಯಲ್ಲಿ ವಿಶ್ರಾಂತಿ. ಆ ಒಂದು ದಿನ ವ್ಯರ್ಥವೆಂದು ಕಂಪನಿಯವರು ಹೇಳಿದರು. ಅದನ್ನು ಮಾತ್ರ ಬಿಡುವುದಿಲ್ಲವೆಂದು ನಾನು ಪಟ್ಟು ಹಿಡಿದೆ. ಅದು ಎಷ್ಟು ಬೇಕಾಗಿತ್ತೆಂಬುದು ಆಮೇಲೆ ತಿಳಿಯಿತು.

ದೋಹಾದಲ್ಲಿ ವಿಮಾನ ಬದಲಿಸಿ ಕಿಲಿಮಂಜಾರೋ ನಿಲ್ದಾಣದಲ್ಲಿ ಇಳಿದೆವು. ಮೋಶಿ ಹೆಚ್ಚುಕಡಿಮೆ ನಮ್ಮ ಮೈಸೂರಿನಷ್ಟೇ ಎತ್ತರದಲ್ಲಿರುವ ಊರು. ಬೆಳಗಿನ ಹೊತ್ತು ಮೋಡ ಮುಚ್ಚುವ ಮೊದಲು ಬೆಟ್ಟದ ಬಿಳಿಯ ತಲೆ ಕಾಣುತ್ತದೆ. ಚಾಮುಂಡಿಬೆಟ್ಟದ ತುದಿ ನಮ್ಮ ಊರಿನಿಂದ ಸುಮಾರು ಮುನ್ನೂರು ಮೀಟರ್ ಮೇಲಿದೆ. ಅಲ್ಲಿ ತಲೆಯೆತ್ತಿ ನೋಡಬೇಕಾದದ್ದು ಸುಮಾರು ಐದು ಸಾವಿರ ಮೀಟರ್. ಅವರು ಆರಿಸಿದ್ದು ಮರಂಗು ದಾರಿ. ಡೇರೆಯ ಬದಲು ಮರದ ಗುಡಿಸಲುಗಳಲ್ಲಿ ಮಲಗುವ ಏರ್ಪಾಡು. ಮೊದಲ ದಿನ ಮಂಡಾರಾ ಗುಡಿಸಲಿನವರೆಗೆ ನಾನೂ ಒಬ್ಬ ಮಾರ್ಗದರ್ಶಿಯೊಡನೆ ನಡೆದು ಸಂಜೆಗೆ ಹಿಂತಿರುಗಿದೆ. ಸುಮಾರು 2,700 ಮೀಟರ್. ಪಾಚಿ ಕಟ್ಟಿದ ಮರಗಳ ತಂಪು ಕಾಡು, ಕೊಡಗಿನ ಶೋಲೆಯನ್ನು ನೆನಪಿಸುವಂಥದು. ಹೆಜ್ಜೆಹೆಜ್ಜೆಗೂ 'ಪೋಲೆ ಪೋಲೆ', ನಿಧಾನ ನಿಧಾನ, ಎಂದು ಹೇಳುತ್ತಾರೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ನಾನು ಹೇಳಿದ ಮಾತನ್ನು ನನಗೇ ಹೇಳುವವರು ಸಿಕ್ಕಿದರು.

ಬೆಟ್ಟದ ಬುಡದ ಚಗ್ಗಾ ಜನರ ಹಳ್ಳಿಗಳಲ್ಲಿ ಬಾಳೆ, ಕಾಫಿ ಒಟ್ಟೊಟ್ಟಿಗೆ ಬೆಳೆಯುತ್ತವೆ. ಅಲ್ಲಿ ನನಗೆ ರಾಗಿ ಸಿಕ್ಕಿತು. ಬಾಳೆಹಣ್ಣಿನ ಜೊತೆ ರಾಗಿ ಸೇರಿಸಿ ಅವರು 'ಎಂಬೆಗೆ' ಎಂಬ ಪಾನೀಯ ಮಾಡುತ್ತಾರೆ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡುಗಳು. ಸಾವಿರಾರು ವರ್ಷಗಳ ಹಿಂದೆ ಅದು ಕಡಲು ದಾಟಿ ನಮ್ಮಲ್ಲಿಗೆ ಬಂದದ್ದು ಎಂದು ಪಾಠದಲ್ಲಿ ಹೇಳಿದ್ದುಂಟು. ನಮ್ಮ ಮುದ್ದೆಯ ತವರುಮನೆಯ ಅಂಗಳದಲ್ಲಿ ನಿಂತು ಕಾಳನ್ನು ಅಂಗೈಯಲ್ಲಿ ಹಿಡಿದಾಗ, ಪರದೇಶಕ್ಕೆ ಬಂದಿದ್ದೇನೆ ಎಂಬ ಅಳುಕು ಹೋಯಿತು.

ಆರನೆಯ ದಿನ ಸಂಜೆ ಅವರಿಬ್ಬರೂ ಇಳಿದು ಬಂದರು. ಅಳಿಯ ಉಹುರು ಶಿಖರ ಮುಟ್ಟಿದ್ದರು. ಮಗಳು ಮುಟ್ಟಿರಲಿಲ್ಲ.

ಕಿಬೋ ಗುಡಿಸಲಿನಿಂದ ನಡುರಾತ್ರಿ ಹೊರಟು, ಸುಮಾರು 5,150 ಮೀಟರಿನಲ್ಲಿರುವ ಹಾನ್ಸ್ ಮೆಯರ್ ಗುಹೆಯ ಬಳಿ ಬರುವ ಹೊತ್ತಿಗೆ ಅವಳಿಗೆ ತಲೆನೋವು ತಾಳಲಾರದಷ್ಟಾಗಿ, ವಾಂತಿಯಾಗಿ, ಕಾಲು ತಡವರಿಸತೊಡಗಿತಂತೆ. ಅಷ್ಟು ಎತ್ತರದಲ್ಲಿ ಗಾಳಿಯೊಳಗಿನ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟಕ್ಕೆ ಇಳಿದಿರುತ್ತದೆ. ದೃಢಕಾಯರಿಗೂ ಅದು ಬಡಿಯಬಹುದು, ಬಡಕಲು ಮೈಯವರನ್ನು ಬಿಟ್ಟುಬಿಡಲೂಬಹುದು. ಮಾರ್ಗದರ್ಶಿ ಮರುಮಾತಿಗೆ ಅವಕಾಶ ಕೊಡದೆ ಅವಳನ್ನು ಕೆಳಗಿಳಿಸಿದ. ಅವಳು "ನೀವು ಹೋಗಿ" ಎಂದು ಗಂಡನನ್ನು ಕಳಿಸಿದಳು. ಅವರು ಹೋದರು. ಇದರಲ್ಲಿ ಯಾರ ತಪ್ಪೂ ಇಲ್ಲ. ತಪ್ಪಿಲ್ಲದ ಕಡೆ ನೋವು ಇರುವುದಿಲ್ಲವೆಂದು ಹೇಳಲು ಮಾತ್ರ ಬರುವುದಿಲ್ಲ.

ವಿಶ್ರಾಂತಿಯ ದಿನ ಬೆಳಿಗ್ಗೆ ಮಗಳು ನನ್ನ ಕೋಣೆಗೆ ಬಂದು ಕುಳಿತಳು. "ಅಮ್ಮಾ, ಟಿಕೆಟ್ ಬದಲಿಸಿಕೊಂಡು ಊರಿಗೆ ಹೋಗಿಬಿಡೋಣ. ನನಗೆ ಪ್ರಾಣಿ ನೋಡುವ ಮನಸ್ಸಿಲ್ಲ" ಎಂದಳು. ಎರಡು ವರ್ಷ ಅವಳು ಬೆಳಗಿನ ಜಾವ ಎದ್ದು ಓಡಿದ್ದನ್ನು, ವಾರಕ್ಕೊಮ್ಮೆ ಬೆಂಗಳೂರಿನಿಂದ ಬಂದು ನಮ್ಮ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಎರಡೆರಡು ಸಲ ಹತ್ತಿ ಇಳಿದದ್ದನ್ನು ನಾನು ಕಂಡಿದ್ದೆ. ಕೊಟ್ಟ ಹಣ ಹಿಂದಿರುಗುವುದಿಲ್ಲ ಎಂಬುದೊಂದೇ ಆದರೆ ನಾನು ಹಿಂದಿರುಗಲು ಒಪ್ಪುತ್ತಿದ್ದೆನೇನೋ. ಸೋತೆನೆಂಬ ಭಾವನೆಯನ್ನು ನೇರವಾಗಿ ಮನೆಗೆ ಕೊಂಡೊಯ್ದರೆ ಅದು ಮನೆಯಲ್ಲಿ ಬಹಳ ಕಾಲ ಕೂತುಬಿಡುತ್ತದೆ. ಪರೀಕ್ಷೆಯಲ್ಲಿ ಫೇಲಾದ ಮಕ್ಕಳ ವಿಷಯದಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. "ನೀನು ನೋಡಬೇಡ ಕಣಮ್ಮ, ಜೀಪಿನಲ್ಲಿ ಕೂತು ನಿದ್ದೆ ಮಾಡು. ನನಗೆ ನೋಡಬೇಕು, ನನ್ನ ಜೊತೆಗೆ ಬಾ" ಎಂದೆ. ಅವಳು ಆ ದಿನವೆಲ್ಲ ಮಲಗಿದ್ದಳು. ನಾಲ್ಕು ಕಾಡುಗಳ ಪ್ರವಾಸವನ್ನು ಆರಿಸಿದ್ದರೆ ಆ ದಿನ ಬೆಳಿಗ್ಗೆ ಆರಕ್ಕೆ ಜೀಪು ಬಾಗಿಲಲ್ಲಿ ನಿಂತಿರುತ್ತಿತ್ತು.

ಮರುದಿನ ಅರೂಷಾ ದಾಟಿ ಪಶ್ಚಿಮಕ್ಕೆ ಹೊರಟೆವು. ಮನ್ಯಾರಾ ಸರೋವರದ ಮೇಲಿನ ಏರಿನಲ್ಲಿ ಬಾವೊಬಾಬ್ ಮರಗಳು ಕಂಡವು. ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಮಠದ ಅಂಗಳದಲ್ಲಿ ಇದೇ ಜಾತಿಯ ಭಾರಿ ಮರಗಳಿವೆ. ಜನ ಅವನ್ನು ದೊಡ್ಡ ಹುಣಸೆ ಎನ್ನುತ್ತಾರೆ. ಯಾವ ಕಾಲದಲ್ಲಿ ಯಾರ ಕೈಯಲ್ಲಿದ್ದ ಬೀಜವೋ! ಅಳಿಯ ಫೋಟೋ ತೆಗೆದರು. ಮಗಳು ಕಣ್ಣು ಮುಚ್ಚಿಕೊಂಡಿದ್ದಳು. ಅಳಿಯ ಶಿಖರದ ತುದಿಯಲ್ಲಿ ತೆಗೆಸಿಕೊಂಡ ತಮ್ಮ ಚಿತ್ರವನ್ನು ನನಗೂ ತೋರಿಸಿರಲಿಲ್ಲ. ಕೇಳಬೇಕೆಂದು ನನಗೂ ತೋರಲಿಲ್ಲ.

ಎನ್‌ಗೊರೊಂಗೊರೊ ಎಂಬುದು ಬೆಟ್ಟವೇ ಕುಸಿದು ಆದ ಕುಳಿ. ಅಂಚಿನಿಂದ ತಳಕ್ಕೆ ಸುಮಾರು 600 ಮೀಟರ್ ಇಳಿಜಾರು. ತಳದ ವಿಸ್ತಾರ ಸುಮಾರು 260 ಚದರ ಕಿಲೋಮೀಟರ್. ಬೆಳಗಿನ ಮಂಜಿನಲ್ಲಿ ಇಳಿದೆವು. ಸಿಂಹ, ಕತ್ತೆಕಿರುಬ, ಜೀಬ್ರಾ, ಆನೆ ಎಲ್ಲವೂ ಇದ್ದವು. ದೂರದಲ್ಲಿ ಒಂದು ಕಪ್ಪು ಖಡ್ಗಮೃಗವೂ ಕಂಡಿತು. ಜಿರಾಫೆ ಮಾತ್ರ ಕುಳಿಯೊಳಗೆ ಇರುವುದಿಲ್ಲ. ಗೋಡೆಗಳು ಕಡಿದು, ಜೊತೆಗೆ ಅದಕ್ಕೆ ಬೇಕಾದಷ್ಟು ಜಾಲಿಯ ಜಾತಿಯ ಮರಗಳೂ ಒಳಗಿಲ್ಲವೆಂದು ಚಾಲಕ ವಿವರಿಸಿದ. ಮೈಸೂರಿನ ಮೃಗಾಲಯದಲ್ಲಿ ಜಿರಾಫೆ ನೋಡಿ ಬೆಳೆದವರಿಗೆ ಇದೊಂದು ವಿನೋದ.

ಅಂಚಿನ ರಸ್ತೆಯಲ್ಲಿ ಕೆಂಪು ಹೊದಿಕೆಯ ಮಸಾಯಿ ಹುಡುಗನೊಬ್ಬ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದ. ಇಲ್ಲಿ ನಿಂತು ಹೇಳಬೇಕಾದ ಮಾತೊಂದಿದೆ. ಸೆರೆಂಗೆಟಿ ಎಂಬುದು ಮಸಾಯಿ ಭಾಷೆಯಿಂದ ಬಂದ ಹೆಸರು. ಕೊನೆಯಿಲ್ಲದ ಬಯಲು ಎಂದು ಅರ್ಥ. ಹೆಸರಿಟ್ಟವರನ್ನು ಆ ಬಯಲಿನಿಂದ ಹೊರಕಳಿಸಿ, ದನ ಮೇಯಿಸಿಕೊಂಡಿರಲು ಎನ್‌ಗೊರೊಂಗೊರೊವನ್ನು ಬಿಟ್ಟುಕೊಟ್ಟದ್ದು 1959ರಲ್ಲಿ. 2022ರಿಂದೀಚೆಗೆ ಎನ್‌ಗೊರೊಂಗೊರೊದಿಂದಲೂ ಕುಟುಂಬಗಳನ್ನು ನೂರಾರು ಕಿಲೋಮೀಟರ್ ದೂರದ ಎಂಸೊಮೆರಾ ಎಂಬಲ್ಲಿಗೆ ಸಾಗಿಸುವ ಕೆಲಸ ನಡೆದಿದೆ. ಸ್ವಇಚ್ಛೆಯಿಂದ ಹೋಗುತ್ತಿದ್ದಾರೆಂದು ಸರ್ಕಾರ ಹೇಳುತ್ತದೆ. ಅಲ್ಲವೆಂದು ಮಸಾಯಿಗಳಲ್ಲಿ ಅನೇಕರು ಹೇಳುತ್ತಾರೆ. ಎಂಬತ್ತರ ದಶಕದಲ್ಲಿ ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಪಾಠ ಹೇಳುತ್ತಿದ್ದಾಗ, ನಾಗರಹೊಳೆಯ ಒಳಗಿನ ಹಾಡಿಯಿಂದ ಹೊರಬಂದ ಜೇನುಕುರುಬರ ಹುಡುಗನೊಬ್ಬ ತರಗತಿಯಲ್ಲಿದ್ದ. ನಿಮ್ಮ ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ ಬರೆಯಿರಿ ಎಂದರೆ ಅವನು ಮನೆಯನ್ನು ಕಾಡಿನೊಳಗೇ ಬರೆದ. ಹಳ್ಳ, ಆನೆ ದಾಟುವ ಜಾಗ, ಜೇನು ಕಟ್ಟುವ ಮರ ಎಲ್ಲ ಇತ್ತು. ಆ ಮನೆ ಆಗ ಅಲ್ಲಿರಲಿಲ್ಲ. ನಾನು ಅದಕ್ಕೆ ಪೂರ್ತಿ ಅಂಕ ಕೊಟ್ಟೆ.

ಹಾಗೆಂದು ಸಫಾರಿಗೆ ಹೋಗಬಾರದು ಎನ್ನುವವಳು ನಾನಲ್ಲ. ಕಾಡು ಉಳಿಯುವುದಕ್ಕೆ ಆ ಹಣವೂ ಬೇಕು. ಆದರೆ ಹೋಗುವವರು ಆ ನೆಲ ಯಾರದಾಗಿತ್ತೆಂದು ತಿಳಿದು ಹೋಗಬೇಕು. ಮಾರ್ಗದರ್ಶಿ ಆ ಕಡೆಯವನೇ ಆಗಿರುವ, ಚಾಲಕನಿಗೂ ಹೊರೆಯಾಳಿಗೂ ಸರಿಯಾದ ಕೂಲಿ ಕೊಡುವ ಕಂಪನಿಯನ್ನು ಹುಡುಕಬೇಕು. ಕಿಲಿಮಂಜಾರೋದಲ್ಲಿ ಒಬ್ಬ ಹೊರೆಯಾಳಿಗೆ 20 ಕಿಲೋಗಿಂತ ಹೆಚ್ಚು ಹೊರಿಸಬಾರದೆಂಬ ನಿಯಮವಿದೆ. ಅದನ್ನು ಪಾಲಿಸುತ್ತಾರೆಯೇ ಎಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೂಲಿಯ ಮನೆಯಲ್ಲಿ ಹುಟ್ಟಿದವರು ಇದನ್ನಂತೂ ಕೇಳದೆ ಹೊರಡಬಾರದು.

ಎನ್‌ಡುಟುವಿನ ಬಯಲು ತಲುಪಿದ್ದು ಮೂರನೆಯ ದಿನ ಮಧ್ಯಾಹ್ನ. ಕಣ್ಣು ಹಾಯುವವರೆಗೂ ಕಪ್ಪು ಚುಕ್ಕಿಗಳು. ಅಷ್ಟೂ ವೈಲ್ಡ್‌ಬೀಸ್ಟ್. ಅವುಗಳ ನಡುವೆ ಜೀಬ್ರಾಗಳು. ಸಾವಿರ ಕೆರೆಗಳ ಕಪ್ಪೆಗಳು ಒಟ್ಟಿಗೆ ವಟಗುಟ್ಟಿದಂತಹ ಸದ್ದು. ನಾಲ್ಕನೆಯ ದಿನ ಬೆಳಿಗ್ಗೆ ಚಾಲಕನಿಗೆ ನಾನು, "ಇವತ್ತು ಎಲ್ಲಿಗೂ ಓಡಿಸಬೇಡಪ್ಪ, ಒಂದು ಕಡೆ ನಿಲ್ಲಿಸು" ಎಂದೆ. ಅಳಿಯ ಇಂಗ್ಲಿಷಿನಲ್ಲಿ ಹೇಳಿದರು. ಆತ ನಕ್ಕು, ಹೀಗೆ ಕೇಳುವವರು ಅಪರೂಪ ಎಂದು, ಒಂದು ಮರದ ಅಡಿಯಲ್ಲಿ ಎಂಜಿನ್ ಆರಿಸಿದ.

ಸುಮಾರು ಒಂದು ಗಂಟೆ ಏನೂ ಆಗಲಿಲ್ಲ. ಆಮೇಲೆ ನಮ್ಮಿಂದ ಐವತ್ತು ಗಜ ದೂರದಲ್ಲಿ ಒಂದು ತಾಯಿ ಮಲಗಿ, ಎದ್ದು, ಮತ್ತೆ ಮಲಗಿ, ಕರು ಹಾಕಿತು. ಒದ್ದೆ ಕರು ಏಳಲು ನೋಡಿತು. ಮುಂಗಾಲು ಮಡಚಿ ಮುಖ ಅಡಿಯಾಗಿ ಬಿತ್ತು. ಮತ್ತೆ ಎದ್ದು, ಹಿಂಗಾಲು ಜಾರಿ ಪಕ್ಕಕ್ಕೆ ಬಿತ್ತು. ತಾಯಿ ನೆಕ್ಕುತ್ತಿತ್ತೇ ಹೊರತು ಎತ್ತಲಿಲ್ಲ. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ನಿಲ್ಲದಿದ್ದರೆ ಆ ಬಯಲಿನಲ್ಲಿ ಬದುಕಿಲ್ಲ, ಕತ್ತೆಕಿರುಬಗಳು ಕಾದಿರುತ್ತವೆ. ಹೆಚ್ಚಿನ ಕರುಗಳು ಎರಡು ಮೂರು ವಾರಗಳೊಳಗೇ ಒಟ್ಟಿಗೆ ಹುಟ್ಟುವುದೂ ಅದಕ್ಕಾಗಿಯೇ. ತಿನ್ನುವವರ ಹೊಟ್ಟೆ ತುಂಬಿದ ಮೇಲೂ ಉಳಿಯುವವು ಬಹಳ ಇರಬೇಕು. ಮೂರನೆಯ ಸಲವೋ ನಾಲ್ಕನೆಯ ಸಲವೋ ಕರು ನಾಲ್ಕೂ ಕಾಲು ಅಗಲಿಸಿ ನಿಂತಿತು. ನಡುಗುತ್ತಾ ತಾಯಿಯ ಹೊಟ್ಟೆಯ ಕಡೆ ನಡೆಯಿತು. ಸ್ವಲ್ಪ ಹೊತ್ತಿನಲ್ಲಿ ಓಡಿತು.

ಮಗಳು ಯಾವಾಗ ಎದ್ದು ಜೀಪಿನ ತೆರೆದ ಮಾಡಿನಿಂದ ತಲೆ ಹೊರಹಾಕಿ ನಿಂತಳೋ ನಾನು ಗಮನಿಸಿರಲಿಲ್ಲ. ಬಹಳ ಹೊತ್ತಿನ ಮೇಲೆ ಕೆಳಗೆ ಕುಳಿತು, ಗಂಡನ ಕಡೆ ತಿರುಗಿ, "ಎಲ್ಲಿ, ಮೇಲಿನ ಫೋಟೋ ತೋರಿಸಿ" ಎಂದಳು. ಅವರು ಒಂದು ಕ್ಷಣ ತಡೆದು ಫೋನು ಕೊಟ್ಟರು. ಅವಳು ಒಂದೊಂದನ್ನೇ ನೋಡಿದಳು. ಫಲಕದ ಕೆಳಗೆ ನಿಂತ ಚಿತ್ರ ಬಂದಾಗ, "ಟೋಪಿ ಸರಿಯಾಗಿ ಹಾಕಿಕೊಳ್ಳೋಕೂ ಬರಲಿಲ್ಲವಲ್ಲ ನಿಮಗೆ" ಎಂದು ನಕ್ಕಳು. ಬೆಟ್ಟ ಇಳಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅಳಿಯ ಮುಖ ಆ ಕಡೆ ಮಾಡಿಕೊಂಡು ಕನ್ನಡಕ ಒರೆಸಿಕೊಂಡರು.

ಕರುವನ್ನು ನೋಡಿ ಅವಳಿಗೆ ಏನೋ ಬೋಧೆಯಾಯಿತೆಂದು ನಾನು ಹೇಳುವುದಿಲ್ಲ. ಅವಳೂ ಹೇಳಿಲ್ಲ. ನನಗೆ ತೋರಿದ್ದು ಇಷ್ಟೇ. ಬೆಟ್ಟ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತದೆ: ತುದಿ ಮುಟ್ಟಿದೆಯಾ ಇಲ್ಲವಾ? ಬಯಲಿನಲ್ಲಿ ತುದಿಯೇ ಇಲ್ಲ. ಅಲ್ಲಿ ಕುಳಿತವನಿಗೆ ಗೆಲ್ಲಲು ಏನೂ ಇಲ್ಲದ್ದರಿಂದ ಸೋಲಲೂ ಏನೂ ಇರುವುದಿಲ್ಲ. ಆದರೆ ಐದು ಪ್ರಾಣಿಗಳ ಪಟ್ಟಿ ಹಿಡಿದು, ನಾಲ್ಕು ದಿನಕ್ಕೆ ನಾಲ್ಕು ಕಾಡು ಓಡಿದರೆ ಆ ಬಯಲನ್ನೂ ನಾವು ಇನ್ನೊಂದು ಬೆಟ್ಟವನ್ನಾಗಿ ಮಾಡಿಬಿಡುತ್ತೇವೆ. ಬೆಟ್ಟದ ಹಿಂದೆ ಸಫಾರಿಯನ್ನು ಇಡುವುದರ ಪ್ರಯೋಜನವೇ ಆಗ ಹೋಗುತ್ತದೆ.

ಹೊರಡುವವರಿಗೆ ಕೆಲವು ಸಣ್ಣ ಮಾತುಗಳು. ಬೆಟ್ಟಕ್ಕೂ ಸಫಾರಿಗೂ ನಡುವೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಎರಡು ಜಾಗಕ್ಕಿಂತ ಹೆಚ್ಚು ಆರಿಸಬೇಡಿ, ಒಂದೊಂದರಲ್ಲಿ ಎರಡು ರಾತ್ರಿಯಾದರೂ ಇರಿ. ಮಲೇರಿಯಾ ಮಾತ್ರೆ ಮತ್ತು ಹಳದಿ ಜ್ವರದ ಲಸಿಕೆಯ ವಿಷಯವನ್ನು ತಿಂಗಳ ಮೊದಲೇ ವೈದ್ಯರನ್ನು ಕೇಳಿ. ಆ ಲಸಿಕೆಯನ್ನು ಪ್ರಯಾಣಕ್ಕೆ ಹತ್ತು ದಿನವಾದರೂ ಮೊದಲು ಹಾಕಿಸಿಕೊಳ್ಳಬೇಕು. ನನ್ನಂತೆ ಅರವತ್ತು ದಾಟಿದವರು ಹಾಕಿಸಿಕೊಳ್ಳುವ ಮುನ್ನ ವೈದ್ಯರ ಸಲಹೆ ಪಡೆಯಲೇಬೇಕು. ಕಡುನೀಲಿ, ಕಪ್ಪು ಬಟ್ಟೆ ಬೇಡ. ತ್ಸೆತ್ಸೆ ನೊಣಗಳು ಆ ಬಣ್ಣಗಳಿಗೆ ಮುತ್ತುತ್ತವೆ. ಪ್ಲಾಸ್ಟಿಕ್ ಚೀಲಗಳನ್ನು ಟಾಂಜಾನಿಯಾ 2019ರಲ್ಲೇ ನಿಷೇಧಿಸಿದೆ. ಚಟ್ನಿಪುಡಿಯನ್ನು ಡಬ್ಬಿಯಲ್ಲಿ ಒಯ್ಯಿರಿ. ದುಡ್ಡು ಸಾಲದವರು ಮನಸ್ಸು ಸಣ್ಣದು ಮಾಡಿಕೊಳ್ಳಬೇಕಾಗಿಲ್ಲ. ಕುಮಾರಪರ್ವತ ಹತ್ತಿ ಇಳಿದು ನಾಗರಹೊಳೆಗೆ ಬಂದು, ಬೆಳಗಿನ ಸುತ್ತಿನಲ್ಲಿ ನೀರಿನ ಬಳಿ ಹತ್ತು ನಿಮಿಷ ಹೆಚ್ಚಿಗೆ ನಿಲ್ಲಿಸಲು ಚಾಲಕನನ್ನು ವಿನಯದಿಂದ ಕೇಳಿಕೊಂಡರೂ ಇದೇ ಪಾಠ ಸಿಗುತ್ತದೆ. ಸ್ವಾಹಿಲಿಯಲ್ಲಿ ಸಫಾರಿ ಎಂದರೆ ಬರಿಯ ಪ್ರಯಾಣ ಎಂದೇ ಅರ್ಥ. ಅದಕ್ಕೆ ಸಿಂಹ ಬೇಕೆಂಬ ನಿಯಮವಿಲ್ಲ.

ಮಗಳು ಮತ್ತೆ ಕಿಲಿಮಂಜಾರೋಗೆ ಹೋಗುವಳೋ ಇಲ್ಲವೋ ನಾನು ಕೇಳಿಲ್ಲ. ಶನಿವಾರಗಳಲ್ಲಿ ಬಂದಾಗ ಈಗಲೂ ನನ್ನೊಡನೆ ಬೆಟ್ಟದ ಮೆಟ್ಟಿಲು ಹತ್ತುತ್ತಾಳೆ. ಮೊದಲು ಕೈಗಡಿಯಾರದಲ್ಲಿ ನಿಮಿಷ ಎಣಿಸುತ್ತಿದ್ದಳು. ಈಗ ನಂದಿಯ ಬಳಿ ಕುಳಿತು ಕಡಲೆಕಾಯಿ ತಿನ್ನಲು ಅವಳಿಗೆ ಬಿಡುವು ಸಿಕ್ಕಿದೆ.